ಪ್ರವಾಸ ಯೋಜನೆಯೂ ಒಂದು ವ್ಯವಹಾರವೇ: ಕ್ವೀನ್ಸ್‌ಟೌನ್ ಕಲಿಸುವ ಪಾಠ

ನಮ್ಮ ವರ್ತಕ ಸಮುದಾಯದಲ್ಲಿ ವಿದೇಶ ಪ್ರವಾಸವು ಈಗ ಒಂದು ವಾಡಿಕೆಯಾಗಿ ಬೆಳೆದುಬಂದಿದೆ. ಸಿಮೆಂಟು, ಬಣ್ಣ, ಪಂಪ್‌ಸೆಟ್, ಟೈರು, ವಿದ್ಯುತ್ ಉಪಕರಣಗಳ ತಯಾರಕರು ವಾರ್ಷಿಕ ಮಾರಾಟದ ಗುರಿ ಮುಟ್ಟಿದ ಡೀಲರುಗಳನ್ನು ತಮ್ಮ ವೆಚ್ಚದಲ್ಲಿ ಹೊರದೇಶಕ್ಕೆ ಕರೆದೊಯ್ಯುವ ಪದ್ಧತಿ ಸದಸ್ಯ ಬಾಂಧವರಿಗೆ ತಿಳಿಯದ್ದೇನಲ್ಲ. ಮೊದಲು ಬ್ಯಾಂಕಾಕ್, ಸಿಂಗಪುರ, ದುಬೈಗಳಿಗೆ ಸೀಮಿತವಾಗಿದ್ದ ಈ ಪಯಣ ಕ್ರಮೇಣ ಸ್ವಿಟ್ಜರ್ಲೆಂಡನ್ನು ಮುಟ್ಟಿ, ಅನಂತರ ನ್ಯೂಜಿಲೆಂಡಿನವರೆಗೂ ವಿಸ್ತರಿಸಿದೆ. ನ್ಯೂಜಿಲೆಂಡ್ ಎಂದೊಡನೆ ಪ್ರವಾಸ ಸಂಸ್ಥೆಗಳ ಕರಪತ್ರದಲ್ಲಿ ಎದ್ದುಕಾಣುವ ಹೆಸರು ಕ್ವೀನ್ಸ್‌ಟೌನ್. ಹಿಮಪರ್ವತಗಳ ಮಡಿಲಲ್ಲಿ, ಸರೋವರದ ದಂಡೆಯಲ್ಲಿ, ಸಾಹಸ ಕ್ರೀಡೆಗಳನ್ನೇ ಮುಖ್ಯ ಸರಕಾಗಿ ಮಾರುವ ಊರು ಅದು.

ಇಂತಹ ಊರಿಗೆ ಹೋಗುವ ಯೋಜನೆಯನ್ನು ನಾವು ಹೇಗೆ ರೂಪಿಸುತ್ತಿದ್ದೇವೆ ಎಂಬುದು ಈ ಲೇಖನದ ವಿಷಯ. ಹತ್ತು ಚೀಲ ಸರಕು ತರಿಸುವಾಗ ತೂಕ, ದರ, ಸಾಗಣೆ, ವಿಮೆಗಳನ್ನು ನಾಲ್ಕು ಬಾರಿ ವಿಚಾರಿಸುವ ನಾವು, ನಲವತ್ತು ಮಂದಿಯನ್ನು ಭೂಗೋಳದ ಇನ್ನೊಂದು ತುದಿಗೆ ಕಳುಹಿಸುವಾಗ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಸ್ಥಳ ತೋರಿಸುತ್ತೀರಿ, ತಲೆಗೆ ಎಷ್ಟಾಗುತ್ತದೆ? ಈ ಎರಡು ಪ್ರಶ್ನೆಗಳು ಸಾಲವು ಎಂಬುದು ನನ್ನ ಖಚಿತ ಅಭಿಪ್ರಾಯ.

ಊರಿನ ಪರಿಚಯ

ಕ್ವೀನ್ಸ್‌ಟೌನ್ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಒಟಾಗೋ ಪ್ರಾಂತ್ಯದಲ್ಲಿದೆ. ಊರು ನಿಂತಿರುವುದು ವಾಕಟಿಪು ಸರೋವರದ ದಡದಲ್ಲಿ. ಸುಮಾರು 80 ಕಿಲೋಮೀಟರ್ ಉದ್ದದ, ಮಿಂಚಿನ ಗೆರೆಯಂತೆ ಅಂಕುಡೊಂಕಾದ ಈ ಸರೋವರದ ನೀರಿನ ಮಟ್ಟ ನಿಮಿಷಗಳ ಅಂತರದಲ್ಲಿ ಕೆಲವು ಅಂಗುಲ ಏರಿ ಇಳಿಯುತ್ತಿರುತ್ತದೆ. 1862ರಲ್ಲಿ ಸಮೀಪದ ಆ್ಯರೋ ಹಾಗೂ ಶಾಟೋವರ್ ನದಿಗಳಲ್ಲಿ ಚಿನ್ನ ದೊರೆತದ್ದೇ ಊರು ಬೆಳೆಯಲು ಕಾರಣ. ಚಿನ್ನ ಮುಗಿದ ಮೇಲೆ ಅಂತಹ ಎಷ್ಟೋ ಊರುಗಳು ಪಾಳುಬಿದ್ದವು, ಕ್ವೀನ್ಸ್‌ಟೌನ್ ಉಳಿಯಿತು.

ಉಳಿದ ಬಗೆ ವ್ಯಾಪಾರಿಗಳು ಗಮನಿಸಬೇಕಾದದ್ದು. 1947ರಲ್ಲಿ ಕೊರೊನೆಟ್ ಪೀಕ್ ಎಂಬ ಬೆಟ್ಟದಲ್ಲಿ ಹಿಮಜಾರು ಕ್ರೀಡೆಯ ವ್ಯವಸ್ಥೆ ಆರಂಭವಾಯಿತು. 1967ರಲ್ಲಿ ಊರಿನ ಬೆನ್ನಿಗಿರುವ ಗುಡ್ಡಕ್ಕೆ ರೋಪ್‌ವೇ ಬಂತು. ಆಳವಿಲ್ಲದ ನೀರಿನಲ್ಲಿಯೂ ಓಡಬಲ್ಲ ಜೆಟ್ ದೋಣಿಯನ್ನು 1950ರ ದಶಕದಲ್ಲಿ ಅದೇ ದೇಶದ ಬಿಲ್ ಹ್ಯಾಮಿಲ್ಟನ್ ರೂಪಿಸಿದ್ದು, ಒಂದು ಕಾಲಕ್ಕೆ ಚಿನ್ನ ಸೋಸಿದ್ದ ಶಾಟೋವರ್ ನದಿಯ ಕಮರಿಯೇ ಅದರ ಸವಾರಿಗೆ ಹೆಸರುವಾಸಿಯಾಯಿತು. 1880ರಲ್ಲಿ ಕಟ್ಟಿದ, ಅನಂತರ ವಾಹನ ಸಂಚಾರಕ್ಕೆ ಬೇಡವಾದ ಕವಾರೌ ನದಿಯ ತೂಗುಸೇತುವೆಯಿಂದ 1988ರಲ್ಲಿ ಎ.ಜೆ. ಹ್ಯಾಕೆಟ್ ಮತ್ತು ಹೆನ್ರಿ ವ್ಯಾನ್ ಆ್ಯಶ್ ಎಂಬ ಇಬ್ಬರು, ಕಾಲಿಗೆ ರಬ್ಬರ್ ಹಗ್ಗ ಕಟ್ಟಿ 43 ಮೀಟರ್ ಕೆಳಕ್ಕೆ ಜಿಗಿಸುವ ಬಂಗೀ ವ್ಯವಹಾರವನ್ನು ತೆರೆದರು. ಜಗತ್ತಿನ ಮೊತ್ತಮೊದಲ ಕಾಯಂ ವಾಣಿಜ್ಯ ಬಂಗೀ ತಾಣವೆಂದು ಅದು ಪ್ರಸಿದ್ಧವಾಗಿದೆ. ಬಳಕೆ ತಪ್ಪಿದ ಆಸ್ತಿಯನ್ನು ಬಂಡವಾಳವಾಗಿಸಿದ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಎರಡು ರಾತ್ರಿಯ ಪ್ರವಾಸ

2018ರ ಜುಲೈ ತಿಂಗಳಲ್ಲಿ ಈ ಲೇಖಕನು ಒಂದು ಕಂಪನಿಯ ಡೀಲರುಗಳ ತಂಡದೊಡನೆ ಅಲ್ಲಿಗೆ ಹೋಗಿದ್ದುಂಟು. ಒಂಬತ್ತು ದಿನಗಳಲ್ಲಿ ಐದು ಊರು. ಅದರಲ್ಲಿ ಕ್ವೀನ್ಸ್‌ಟೌನ್‌ಗೆ ಎರಡು ರಾತ್ರಿ. ಮೊದಲ ದಿನ ಕತ್ತಲಾದ ಮೇಲೆ ತಲುಪಿದೆವು. ಮರುದಿನ ನಸುಕಿನಲ್ಲಿ ಮಿಲ್ಫರ್ಡ್ ಸೌಂಡ್ ಎಂಬ ಸಮುದ್ರದ ಕಣಿವೆಗೆ ಬಸ್ಸಿನಲ್ಲಿ ಹೊರಡಬೇಕಿತ್ತು. ಹಿಮಕುಸಿತದ ಭೀತಿಯಿಂದ ರಸ್ತೆ ಮುಚ್ಚಿದೆ ಎಂಬ ಸುದ್ದಿ ಬಂತು. ಬದಲಿ ದಿನವೆಂಬುದು ಕಾರ್ಯಕ್ರಮದಲ್ಲಿ ಇರಲೇ ಇಲ್ಲ. ಖಾಲಿಯಾದ ಆ ದಿನವನ್ನು ತುಂಬಲು ಪ್ರವಾಸ ಸಂಸ್ಥೆಯವರು ತರಾತುರಿಯಲ್ಲಿ ಎಲ್ಲರನ್ನೂ ಹಿಮದ ಇಳಿಜಾರಿಗೆ ಕರೆದೊಯ್ದರು. ಹಿಮವನ್ನೇ ಕಂಡರಿಯದ ನಾವು ಕೊಟ್ಟ ಬೂಟು ತೊಟ್ಟು, ತೋರಿಸಿದ ಕಡೆ ಸಹಿ ಹಾಕಿ ನಿಂತೆವು.

ನಮ್ಮೊಂದಿಗಿದ್ದ ಧಾರವಾಡ ಜಿಲ್ಲೆಯ ಹಿರಿಯ ವರ್ತಕ ಮಿತ್ರರೊಬ್ಬರು ಮಧ್ಯಾಹ್ನದೊಳಗೆ ಜಾರಿಬಿದ್ದು ಕಾಲಿನ ಮೂಳೆ ಮುರಿದುಕೊಂಡರು. ಊರಿನ ಆಸ್ಪತ್ರೆ ಚಿಕ್ಕದು. ಶಸ್ತ್ರಚಿಕಿತ್ಸೆಗಾಗಿ ಅವರನ್ನು ಸುಮಾರು 190 ಕಿಲೋಮೀಟರ್ ದೂರದ ಇನ್ವರ್‌ಕಾರ್ಗಿಲ್ ನಗರಕ್ಕೆ ಸಾಗಿಸಲಾಯಿತು. ಚಿಕಿತ್ಸೆ ಅಚ್ಚುಕಟ್ಟಾಗಿ ನಡೆಯಿತು. ಆದರೆ ತಂಡ ಮರುದಿನವೇ ಮುಂದಿನ ಊರಿಗೆ ಹೊರಡಬೇಕಿತ್ತು. ಭಾಷೆ ಬಾರದ ಅವರೊಡನೆ ಉಳಿಯಲು ಪ್ರವಾಸ ಸಂಸ್ಥೆಯಿಂದ ಒಬ್ಬರೂ ಮುಂದೆ ಬರಲಿಲ್ಲ. ನಾನು ಹಾಗೂ ಇನ್ನೊಬ್ಬ ಮಿತ್ರರು ಉಳಿದೆವು. ಹೆಚ್ಚುವರಿ ವಾಸ್ತವ್ಯ, ಹೊಸ ವಿಮಾನ ಟಿಕೆಟು, ಕಾಲು ಚಾಚಿ ಕೂರುವ ಆಸನದ ದುಬಾರಿ ದರ, ಇವೆಲ್ಲಕ್ಕೂ ವಿಮೆ ಇದೆಯೆಂದು ನಂಬಿದ್ದೆವು. ಪಾಲಿಸಿಯನ್ನು ತೆರೆದು ಓದಿದಾಗ ಹಿಮಕ್ರೀಡೆ ಹಾಗೂ ಸಾಹಸ ಚಟುವಟಿಕೆಗಳಿಗೆ ರಕ್ಷಣೆ ಇಲ್ಲವೆಂಬ ಷರತ್ತು ಅದರಲ್ಲಿತ್ತು. ಸಾಹಸದ ಊರಿಗೆ ಕರೆದೊಯ್ಯುವವರು ಸಾಹಸವನ್ನು ಹೊರಗಿಟ್ಟ ವಿಮೆಯನ್ನು ಕೊಂಡಿದ್ದರು!

"ಸಹಿ ಹಾಕ್ರಿ ಅಂದ್ರು, ಹಾಕಿದೆ. ಓದಾಕ ನನಗೆಲ್ಲಿ ಬರ್ತದ್ರಿ" ಎಂದು ಹಾಸಿಗೆಯ ಮೇಲಿಂದ ಅವರು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಹಿಂಗಾರಿನ ಹಂಗಾಮಿನಲ್ಲಿ ಅವರ ಅಂಗಡಿ ಸರಿಯಾಗಿ ನಡೆಯಲಿಲ್ಲ. ಲಕ್ಷಾಂತರ ರೂಪಾಯಿಗಳ ವೆಚ್ಚದಲ್ಲಿ ಕಂಪನಿಯು ಅಲ್ಪಾಂಶವನ್ನು ಭರಿಸಿ ಕೈತೊಳೆದುಕೊಂಡಿತು. ಬಹುಮಾನವೆಂದು ಕೊಟ್ಟ ಪ್ರವಾಸ ಅವರಿಗೆ ಸಾಲವಾಗಿ ಪರಿಣಮಿಸಿತು.

ದಿನಗಳ ಲೆಕ್ಕ

ಮೇಲಿನ ಪ್ರಸಂಗದಲ್ಲಿ ಮೊದಲ ತಪ್ಪು ಆದದ್ದು ದಿನಗಳ ಲೆಕ್ಕದಲ್ಲಿ. ಕ್ವೀನ್ಸ್‌ಟೌನಿನಿಂದ ಮಿಲ್ಫರ್ಡ್ ಸೌಂಡ್‌ಗೆ ರಸ್ತೆಯಲ್ಲಿ ಸುಮಾರು 290 ಕಿಲೋಮೀಟರ್. ಹೋಗಲು ನಾಲ್ಕು ಗಂಟೆ, ಬರಲು ನಾಲ್ಕು ಗಂಟೆ, ನಡುವೆ ದೋಣಿ ವಿಹಾರ. ಅಂದರೆ ಒಂದು ಇಡೀ ದಿನ. ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ನಮ್ಮ ಆಗುಂಬೆಯನ್ನು ನೆನಪಿಸುವ ಜಾಗವದು. 1954ರಲ್ಲಿ ತೆರೆದ ಹೋಮರ್ ಸುರಂಗದ ಮೂಲಕ ಸಾಗುವ ಆ ರಸ್ತೆಯನ್ನು ಚಳಿಗಾಲದಲ್ಲಿ ಹಿಮಕುಸಿತದ ಕಾರಣ ಆಗಾಗ ಮುಚ್ಚುತ್ತಾರೆ. ಬೆಟ್ಟಗಳ ನಡುವಿನ ಕ್ವೀನ್ಸ್‌ಟೌನ್ ವಿಮಾನ ನಿಲ್ದಾಣದಲ್ಲಿಯೂ ಹವಾಮಾನ ಕೆಟ್ಟರೆ ವಿಮಾನಗಳು ರದ್ದಾಗುವುದು, ಬೇರೆ ಊರಿಗೆ ತಿರುಗುವುದು ಅಪರೂಪವಲ್ಲ.

ಕೈಯಲ್ಲಿ ಒಂದಿಷ್ಟು ದಾಸ್ತಾನು ಇಟ್ಟುಕೊಳ್ಳದೆ ವ್ಯಾಪಾರ ಮಾಡುವವನನ್ನು ನಾವು ಅನುಭವಿ ಎನ್ನುವುದಿಲ್ಲ. ಪರ್ವತದ ಊರಿನ ಪ್ರವಾಸದಲ್ಲಿ ಆ ದಾಸ್ತಾನೆಂದರೆ ಬಿಡುವಿನ ದಿನ. ಕನಿಷ್ಠ ನಾಲ್ಕು ರಾತ್ರಿ ತಂಗಿದರೆ ಒಂದು ದಿನ ಮಿಲ್ಫರ್ಡ್‌ಗೆ, ಒಂದು ದಿನ ಸಾಹಸ ಚಟುವಟಿಕೆಗೆ, ಒಂದು ದಿನ ಹವಾಮಾನಕ್ಕೆ ಮೀಸಲು. ಹವಾಮಾನ ಒಳ್ಳೆಯದಿದ್ದರೆ ಆ ದಿನವೂ ವ್ಯರ್ಥವಾಗುವುದಿಲ್ಲ. 1912ರಿಂದ ಸರೋವರದಲ್ಲಿರುವ ಅರ್ನ್‌ಸ್ಲಾ ಎಂಬ ಹಬೆ ಹಡಗಿನಲ್ಲಿ ವಿಹರಿಸಬಹುದು. ಸುಮಾರು 20 ಕಿಲೋಮೀಟರ್ ದೂರದ ಆ್ಯರೋಟೌನಿನಲ್ಲಿ ಚಿನ್ನದ ಕಾಲದ ಚೀನೀ ಕಾರ್ಮಿಕರ ಗುಡಿಸಲುಗಳನ್ನು ನೋಡಬಹುದು. ಸರೋವರದ ತಲೆಯ ಕಡೆಯ ಗ್ಲೆನಾರ್ಕಿಗೆ ಮುಕ್ಕಾಲು ಗಂಟೆಯ ಸುಂದರ ದಾರಿ ಇದೆ. ವಯಸ್ಸಾದವರಿಗೂ ಸಸ್ಯಾಹಾರಿಗಳಿಗೂ ಸಾಹಸ ಬೇಡವೆನ್ನುವವರಿಗೂ ಇವೇ ಹಿತ.

ರಾತ್ರಿಗಳನ್ನು ಹೆಚ್ಚಿಸಿದರೆ ಖರ್ಚು ಹೆಚ್ಚುತ್ತದೆ, ನಲವತ್ತು ಮಂದಿಯ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಲ್ಲ ಎಂಬ ಆಕ್ಷೇಪವಿದೆ. ನ್ಯಾಯವಾದ ಆಕ್ಷೇಪವೇ. ಅದಕ್ಕೆ ನನ್ನ ಉತ್ತರವಿಷ್ಟೆ: ಊರುಗಳನ್ನು ಕಡಿಮೆ ಮಾಡಿ. ಐದರ ಬದಲು ಮೂರು ಊರಾದರೆ ಒಳನಾಡಿನ ವಿಮಾನದ ಹಾಗೂ ಬಸ್ಸಿನ ವೆಚ್ಚ ಉಳಿಯುತ್ತದೆ, ಜನರ ದಣಿವೂ ತಗ್ಗುತ್ತದೆ.

ಋತುವಿನ ಆಯ್ಕೆಯೂ ಮುಖ್ಯ. ನಮ್ಮ ಬೇಸಿಗೆ ರಜೆ ಅವರ ಶರತ್ಕಾಲ. ಏಪ್ರಿಲಿನಲ್ಲಿ ಆ್ಯರೋಟೌನಿನ ಮರಗಳು ಹೊಂಬಣ್ಣಕ್ಕೆ ತಿರುಗಿರುತ್ತವೆ, ಹಿಮಜಾರು ಕ್ರೀಡೆ ಆರಂಭವಾಗಿರುವುದಿಲ್ಲ. ಹಿಮ ಬೇಕಾದವರು ಜೂನ್ ಮಧ್ಯಭಾಗದಿಂದ ಸೆಪ್ಟೆಂಬರಿನವರೆಗಿನ ಅವಧಿಯನ್ನು ಆರಿಸಬೇಕು. ಡಿಸೆಂಬರ್ ಕೊನೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆಯಾದರೂ ಜನಸಂದಣಿ ಮತ್ತು ಕೊಠಡಿ ದರಗಳೆರಡೂ ತುತ್ತತುದಿಯಲ್ಲಿರುತ್ತವೆ.

ಕಾಗದಪತ್ರ ಮತ್ತು ಸಾಮಾನು

ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ಮುಂಗಡವಾಗಿ ಸಂದರ್ಶಕ ವೀಸಾ ಅಗತ್ಯ. ಅದರೊಡನೆ 2019ರಲ್ಲಿ 35 ನ್ಯೂಜಿಲೆಂಡ್ ಡಾಲರಿನಿಂದ ಆರಂಭವಾದ ಸಂದರ್ಶಕರ ಸಂರಕ್ಷಣಾ ಸುಂಕವನ್ನು 2024ರ ಅಕ್ಟೋಬರಿನಿಂದ 100 ಡಾಲರಿಗೆ ಏರಿಸಲಾಗಿದೆ. ತಂಡದ ಆಯವ್ಯಯದಲ್ಲಿ ಇದನ್ನು ಮರೆಯಬಾರದು. ಸಿಡ್ನಿ, ಮೆಲ್ಬರ್ನ್‌ಗಳ ಮೂಲಕ ಹೋಗುವವರು ಆಸ್ಟ್ರೇಲಿಯದ ಟ್ರಾನ್ಸಿಟ್ ವೀಸಾ ಬೇಕಾಗುವುದನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ಸಿಂಗಪುರದ ಮೂಲಕ ಆಕ್ಲೆಂಡ್ ಅಥವಾ ಕ್ರೈಸ್ಟ್‌ಚರ್ಚ್ ತಲುಪುವ ದಾರಿಯಲ್ಲಿ ಈ ತೊಡಕಿಲ್ಲ.

ಇನ್ನೊಂದು ವಿಷಯ ನಮ್ಮವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ನ್ಯೂಜಿಲೆಂಡ್ ಕೃಷಿ ಮತ್ತು ಹೈನುಗಾರಿಕೆಯ ದೇಶ. ಹೊರಗಿನ ಕೀಟ, ರೋಗ, ಬೀಜಗಳ ಬಗೆಗೆ ಅದರ ಎಚ್ಚರ ಅತ್ಯಂತ ಕಟ್ಟುನಿಟ್ಟಾದದ್ದು. ಮನೆಯ ಉಪ್ಪಿನಕಾಯಿ, ಚಟ್ನಿಪುಡಿ, ತುಪ್ಪದ ಸಿಹಿ, ಜೇನು, ಪೂಜೆಯ ಹೂವು ಯಾವುದೇ ಇರಲಿ, ಆಗಮನ ಪತ್ರದಲ್ಲಿ ಘೋಷಿಸಬೇಕು. ಘೋಷಿಸಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲಿಯೇ 400 ಡಾಲರ್ ದಂಡ. ಮಣ್ಣು ಮೆತ್ತಿದ ಬೂಟನ್ನೂ ಅವರು ಬಿಡುವುದಿಲ್ಲ. ಪ್ರವಾಸದ ಮುನ್ನ ಡೀಲರುಗಳ ಕುಟುಂಬಕ್ಕೆ ಇದನ್ನು ಕನ್ನಡದಲ್ಲಿ ತಿಳಿಹೇಳುವುದು ಆಯೋಜಕರ ಕರ್ತವ್ಯ.

ಅಪಾಯದ ಹೊಣೆ ಯಾರದು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಸಾಹಸವನ್ನು ಮಾರುವ ಊರು ಅಪಾಯವನ್ನು ಹೇಗೆ ನಿರ್ವಹಿಸುತ್ತದೆ ಎಂಬುದನ್ನು ಅರಿಯದೆ ಅಲ್ಲಿಗೆ ಯಾರನ್ನೂ ಕಳುಹಿಸಬಾರದು.

2008ರಲ್ಲಿ ಕ್ವೀನ್ಸ್‌ಟೌನ್ ಬಳಿಯ ಕವಾರೌ ನದಿಯಲ್ಲಿ, ತೇಲುಹಲಗೆಯ ಮೇಲೆ ಮಲಗಿ ರಭಸದ ನೀರಿನಲ್ಲಿ ಸಾಗುವ ಕ್ರೀಡೆಯ ವೇಳೆ ಬ್ರಿಟನ್ನಿನ ಯುವತಿಯೊಬ್ಬಳು ಮೃತಪಟ್ಟಳು. ಆಕೆಯ ತಂದೆ ಆ ದೇಶದ ಪ್ರಧಾನಮಂತ್ರಿಗಳಿಗೆ ಪತ್ರ ಬರೆದು ನಿಯಮಗಳ ಕೊರತೆಯನ್ನು ಪ್ರಶ್ನಿಸಿದರು. ಸರ್ಕಾರ ಇಡೀ ಸಾಹಸೋದ್ಯಮದ ಪರಿಶೀಲನೆ ನಡೆಸಿ 2011ರಲ್ಲಿ ವಿಶೇಷ ನಿಯಮಾವಳಿಯನ್ನು ಜಾರಿಗೆ ತಂದಿತು. ಇದರನ್ವಯ ಸಾಹಸ ಚಟುವಟಿಕೆ ನಡೆಸುವ ಸಂಸ್ಥೆಗಳು ಸುರಕ್ಷತಾ ಲೆಕ್ಕಪರಿಶೋಧನೆಯಲ್ಲಿ ತೇರ್ಗಡೆಯಾಗಿ ಸರ್ಕಾರದಲ್ಲಿ ನೋಂದಣಿ ಪಡೆಯಬೇಕು. ನೋಂದಣಿ ಪಟ್ಟಿ ಸಾರ್ವಜನಿಕವಾಗಿ ಲಭ್ಯ. ಜೆಟ್ ದೋಣಿಗಳಿಗೆ ಜಲಸಾರಿಗೆ ಪ್ರಾಧಿಕಾರದ, ಪ್ಯಾರಾಗ್ಲೈಡಿಂಗ್‌ನಂತಹವುಗಳಿಗೆ ನಾಗರಿಕ ವಿಮಾನಯಾನ ಪ್ರಾಧಿಕಾರದ ಪ್ರತ್ಯೇಕ ನಿಯಮಗಳಿವೆ.

ಕಾನೂನು ಬಂದಮೇಲೆ ಎಲ್ಲವೂ ಸರಿಹೋಯಿತೆಂದು ಹೇಳಲಾಗದು. 2019ರ ಡಿಸೆಂಬರ್ 9ರಂದು ಉತ್ತರ ದ್ವೀಪದ ಬಳಿಯ ವಕಾರಿ ಜ್ವಾಲಾಮುಖಿ ಸ್ಫೋಟಿಸಿ, ಪ್ರವಾಸಿಗರು ಹಾಗೂ ಮಾರ್ಗದರ್ಶಕರು ಸೇರಿ 22 ಮಂದಿ ಸಾವಿಗೀಡಾದರು. ತರುವಾಯ ನೈಸರ್ಗಿಕ ಅಪಾಯಗಳ ಕುರಿತು ಗ್ರಾಹಕರಿಗೆ ಮುಂಚಿತವಾಗಿ ತಿಳಿಸಬೇಕೆಂಬುದೂ ಸೇರಿದಂತೆ ನಿಯಮಗಳನ್ನು 2024ರಲ್ಲಿ ಬಿಗಿಗೊಳಿಸಲಾಯಿತು. ತಪ್ಪು ಆದಾಗ ಅದನ್ನು ಬರವಣಿಗೆಗೆ ಇಳಿಸಿ ತಿದ್ದಿಕೊಳ್ಳುವ ಈ ಕ್ರಮವೇ ಆ ಉದ್ಯಮದ ನಿಜವಾದ ಬಂಡವಾಳವೆಂದು ನಾನು ಭಾವಿಸುತ್ತೇನೆ. ಇದರ ಪ್ರಯೋಜನ ನಮಗೆ ದೊರೆಯಬೇಕಾದರೆ ನಾವು ಪಟ್ಟಿಯನ್ನು ನೋಡಬೇಕು, ಕೇಳಬೇಕು. ಸುರಕ್ಷತೆಯ ವಿಚಾರದಲ್ಲಿ ಪ್ರವಾಸ ಸಂಸ್ಥೆಯ ಬಾಯಿಮಾತನ್ನು ನೆಚ್ಚತಕ್ಕದ್ದಲ್ಲ.

ಇನ್ನು ಪರಿಹಾರದ ವಿಷಯ. ನ್ಯೂಜಿಲೆಂಡಿನಲ್ಲಿ 1974ರಿಂದ ಅಪಘಾತ ಪರಿಹಾರ ಯೋಜನೆಯೊಂದು ಜಾರಿಯಲ್ಲಿದೆ. ಗಾಯಗೊಂಡವರು ವಿದೇಶೀಯರಾದರೂ, ತಪ್ಪು ಯಾರದೇ ಆದರೂ, ಅಪಘಾತದ ಚಿಕಿತ್ಸಾ ವೆಚ್ಚಕ್ಕೆ ಅದು ನೆರವಾಗುತ್ತದೆ. ನಮ್ಮ ಮಿತ್ರರ ಶಸ್ತ್ರಚಿಕಿತ್ಸೆಯ ಹೊರೆ ಹಗುರವಾದದ್ದು ಈ ಯೋಜನೆಯಿಂದಲೇ. ಆದರೆ ಇದಕ್ಕೆ ಪ್ರತಿಯಾಗಿ, ಗಾಯಕ್ಕಾಗಿ ನಷ್ಟ ಪರಿಹಾರ ಕೋರಿ ಅಲ್ಲಿನ ನ್ಯಾಯಾಲಯದಲ್ಲಿ ದಾವೆ ಹೂಡುವ ಹಕ್ಕು ಬಹುಮಟ್ಟಿಗೆ ಇಲ್ಲವಾಗುತ್ತದೆ. ಕಾಯಿಲೆಯ ಚಿಕಿತ್ಸೆ, ಸ್ವದೇಶಕ್ಕೆ ಮರಳುವ ವೆಚ್ಚ, ನಮ್ಮೂರಿನಲ್ಲಿ ತಪ್ಪಿಹೋದ ಸಂಪಾದನೆ ಇವು ಯಾವುವೂ ಅದರ ವ್ಯಾಪ್ತಿಗೆ ಬರುವುದಿಲ್ಲ. ಆ ಕಂದಕವನ್ನು ತುಂಬಬೇಕಾದದ್ದು ನಾವು ಕೊಳ್ಳುವ ಪ್ರವಾಸ ವಿಮೆ. ಆದುದರಿಂದ ಅಗ್ಗದ ಪಾಲಿಸಿಯನ್ನು ಹುಡುಕುವ ಮುನ್ನ, ನಾವು ಮಾಡಲಿರುವ ಚಟುವಟಿಕೆಗಳ ಹೆಸರು ಅದರಲ್ಲಿ ಸೇರಿವೆಯೇ, ಹಳೆಯ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಕುರಿತು ಏನು ಹೇಳಿದೆ ಎಂಬುದನ್ನು ಸಾಲುಸಾಲಾಗಿ ಓದಬೇಕು. ಸಾಹಸ ಕ್ರೀಡೆಗಳಿಗೆ ವಯಸ್ಸು, ತೂಕ, ಆರೋಗ್ಯದ ಮಿತಿಗಳಿವೆ. ಗೆಳೆಯರ ಒತ್ತಾಯಕ್ಕೆ ಮಣಿದು ಕಾಯಿಲೆಯನ್ನು ಮುಚ್ಚಿಟ್ಟರೆ ವಿಮೆಯೂ ಹೋಗುತ್ತದೆ, ಆರೋಗ್ಯವೂ ಹೋಗುತ್ತದೆ.

ಆತಿಥೇಯರ ಪಾಡು

ಪ್ರವಾಸಿಗರಿಂದ ಬದುಕುವ ಊರಿಗೂ ಅದರದೇ ಸಂಕಷ್ಟವಿದೆ. ಐವತ್ತು ಸಾವಿರದಷ್ಟು ಜನರಿರುವ ಆ ಜಿಲ್ಲೆಗೆ ಬರುವ ಪ್ರವಾಸಿಗರ ಸಂಖ್ಯೆ ಅದರ ಎಷ್ಟೋ ಪಟ್ಟು. ರಸ್ತೆ, ನೀರು, ಒಳಚರಂಡಿಗಳ ವೆಚ್ಚ ಸ್ಥಳೀಯ ತೆರಿಗೆದಾರರ ಮೇಲೆ ಬೀಳುತ್ತದೆ. ಹೋಟೆಲುಗಳಲ್ಲಿ ದುಡಿಯುವ ಯುವಕರಿಗೆ ಬಾಡಿಗೆ ಮನೆ ಸಿಗದೆ ಕೆಲವರು ವಾಹನಗಳಲ್ಲಿ ಮಲಗುವ ಪರಿಸ್ಥಿತಿಯೂ ವರದಿಯಾಗಿದೆ. ಪ್ರವಾಸಿಗರ ವಾಸ್ತವ್ಯದ ಮೇಲೆ ಶುಲ್ಕ ವಿಧಿಸಬೇಕೇ ಎಂದು 2019ರಲ್ಲಿ ಸ್ಥಳೀಯ ಆಡಳಿತ ಮತ ಕೇಳಿದಾಗ, ಮತ ಚಲಾಯಿಸಿದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಹೌದೆಂದರು. 2020ರಲ್ಲಿ ಕೋವಿಡ್ ಕಾರಣ ದೇಶದ ಗಡಿ ಮುಚ್ಚಿದಾಗ ಅದೇ ಊರು ಪ್ರವಾಸಿಗರಿಲ್ಲದೆ ಕಂಗೆಟ್ಟಿತು. ಒಂದೇ ಸರಕನ್ನು ನಂಬಿದ ಅಂಗಡಿಯ ಪಾಡು ಇದಕ್ಕಿಂತ ಬೇರೆಯಲ್ಲ. ಎರಡು ರಾತ್ರಿ ತಂಗಿ ಓಡುವ ತಂಡಕ್ಕಿಂತ ನಾಲ್ಕು ರಾತ್ರಿ ಉಳಿದು, ಸಣ್ಣ ಅಂಗಡಿಗಳಲ್ಲಿಯೂ ವ್ಯವಹರಿಸುವ ಅತಿಥಿ ಅಂತಹ ಊರಿಗೂ ಮೇಲು.

ನಮ್ಮ ಸಂಸ್ಥೆ ಏನು ಮಾಡಬಹುದು?

ಈ ಹಿನ್ನೆಲೆಯಲ್ಲಿ ವಾಣಿಜ್ಯ ಸಂಸ್ಥೆಯ ಮುಂದೆ ನಾಲ್ಕು ಸಲಹೆಗಳನ್ನು ಇಡಲು ಬಯಸುತ್ತೇನೆ.

ಮೊದಲನೆಯದಾಗಿ, ಡೀಲರುಗಳ ಪ್ರವಾಸಕ್ಕೆ ಒಂದು ಮಾದರಿ ಒಪ್ಪಂದಪತ್ರವನ್ನು ಸಂಸ್ಥೆಯೇ ಸಿದ್ಧಪಡಿಸಲಿ. ಅಪಘಾತವಾದರೆ ಜೊತೆಯಲ್ಲಿ ಉಳಿಯುವವರು ಯಾರು, ಹೆಚ್ಚುವರಿ ವೆಚ್ಚ ಭರಿಸುವವರು ಯಾರು ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ.

ಎರಡನೆಯದಾಗಿ, ವಿಮೆಯ ಮುಖ್ಯ ಷರತ್ತುಗಳು ಹಾಗೂ ಸಾಹಸ ತಾಣಗಳಲ್ಲಿ ಸಹಿ ಹಾಕಬೇಕಾದ ಪತ್ರಗಳ ಸಾರಾಂಶವನ್ನು ಹೊರಡುವ ಹದಿನೈದು ದಿನ ಮೊದಲೇ ಕನ್ನಡದಲ್ಲಿ ಕೊಡುವುದು ಕಡ್ಡಾಯವಾಗಲಿ. ಓದಲಾರದ ಕಾಗದಕ್ಕೆ ಸಹಿ ಪಡೆಯುವುದು ನ್ಯಾಯವಾದ ವ್ಯವಹಾರವಲ್ಲ.

ಮೂರನೆಯದಾಗಿ, ಪ್ರತಿಯೊಂದು ಕಾರ್ಯಕ್ರಮದಲ್ಲಿ ಕನಿಷ್ಠ ಒಂದು ಬಿಡುವಿನ ದಿನವಿರಲಿ. ಸಾಹಸ ಚಟುವಟಿಕೆಯನ್ನು ನಿರಾಕರಿಸುವ ಸ್ವಾತಂತ್ರ್ಯ ಪ್ರತಿಯೊಬ್ಬ ಡೀಲರಿಗೂ ಇರಲಿ.

ನಾಲ್ಕನೆಯದಾಗಿ, ಕಾಳಿ ನದಿಯ ರ್‍ಯಾಫ್ಟಿಂಗ್, ನೇತ್ರಾಣಿಯ ಸ್ಕೂಬಾ ಡೈವಿಂಗ್ ಮೊದಲಾದ ನಮ್ಮ ರಾಜ್ಯದ ಸಾಹಸೋದ್ಯಮಗಳಲ್ಲಿ ತೊಡಗಿರುವ ಸದಸ್ಯರು ಸ್ವತಂತ್ರ ಸುರಕ್ಷತಾ ಪರಿಶೋಧನೆಯನ್ನು ಕಾನೂನಿನ ಒತ್ತಾಯಕ್ಕೆ ಕಾಯದೆ ತಾವಾಗಿಯೇ ಒಪ್ಪಿಕೊಳ್ಳಲಿ. ದುರಂತದ ಅನಂತರ ಬರುವ ನಿಯಮಕ್ಕಿಂತ ಅದಕ್ಕೆ ಮೊದಲು ಬರುವ ಶಿಸ್ತು ಅಗ್ಗ.

ಕ್ವೀನ್ಸ್‌ಟೌನ್ ನೋಡತಕ್ಕ ಊರು ಎಂಬುದರಲ್ಲಿ ಎರಡು ಮಾತಿಲ್ಲ. ಇನ್ವರ್‌ಕಾರ್ಗಿಲ್‌ನಿಂದ ಗೆಳೆಯರನ್ನು ಕರೆದುಕೊಂಡು ಹಿಂದಿರುಗುವಾಗ ನಾವು ಮತ್ತೆ ಅದೇ ಊರಿನಲ್ಲಿ ಎರಡು ದಿನ ಉಳಿಯಬೇಕಾಯಿತು. ಸರೋವರದ ದಂಡೆಯ ಕಲ್ಲುಬೆಂಚಿನ ಮೇಲೆ ಕಾಲು ನೀಡಿ ಕುಳಿತಿದ್ದ ಅವರು, ಎದುರಿನ ಹಿಮಶಿಖರಗಳನ್ನು ಬಹಳ ಹೊತ್ತು ನೋಡಿ, ಮೊದಲೇ ಹೀಗೆ ಎರಡು ದಿನ ಕೂರಿಸಿದ್ದರೆ ಸಾಕಿತ್ತಲ್ಲ ಎಂದರು. ಪ್ರವಾಸ ಯೋಜಿಸುವ ನಮ್ಮ ಸದಸ್ಯ ಬಾಂಧವರು ಈ ಮಾತನ್ನು ಗಮನದಲ್ಲಿಡಬೇಕಾಗಿ ವಿನಂತಿ.